ಪರಿಹಾಸಚಿತ್ರಗಳಲ್ಲಿ ಟಿಪ್ಪುಸುಲ್ತಾನ

ಅರಸರನ್ನು ಸ್ತುತಿಸುವ ಚಿತ್ರಗಳಿಗೆ ಯಾವ ಆಸ್ಥಾನದಲ್ಲಿಯೂ ಕೊರತೆಯಿಲ್ಲ. ಅರಸನ ನೆಪದಿಂದ ಮತ್ತೊಬ್ಬನನ್ನು ನಗೆಗೀಡುಮಾಡುವ ಚಿತ್ರಗಳು ಮಾತ್ರ ವಿರಳ. ಫ್ರೆಂಚ್ ಕ್ರಾಂತಿಕಾರರ ಸಖ್ಯವನ್ನು ಬಯಸಿದ ಟಿಪ್ಪುಸುಲ್ತಾನನ ವಿಷಯದಲ್ಲಿ ಇಂತಹವು ಎರಡು ಕಡೆ ಹುಟ್ಟಿದವು: ಲಂಡನ್ನಿನ ಅಂಗಡಿಯಲ್ಲೊಂದು, ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೊಂದು.

1791ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದು, ಮಳೆಯಿಂದಲೂ ಎತ್ತುಗಳ ಸಾವಿನಿಂದಲೂ ಕಂಗೆಟ್ಟು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದನು. ಆ ವರ್ಷದ ಡಿಸೆಂಬರಿನಲ್ಲಿ ಜೇಮ್ಸ್ ಗಿಲ್‌ರೇ ಎಂಬ ಚಿತ್ರಕಾರನು ಮುಂಗಾರಿನ ಆಗಮನವೆಂಬ ಹೆಸರಿನಲ್ಲಿ ಈ ಪಲಾಯನವನ್ನು ಚಿತ್ರಿಸಿದನು. ಟಿಪ್ಪುವು ಕೋಟೆಯ ಮೇಲೆ ನಿಂತು, ಓಡುವ ಸೇನಾಪತಿಯ ಮೇಲೆ ಮೂತ್ರಧಾರೆಯನ್ನು ಸುರಿಸುತ್ತಾನೆ, ಅದೇ ಮುಂಗಾರು! ಭರತಮುನಿಯು ಹಾಸ್ಯವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿ, ಕೊನೆಯ ಎರಡನ್ನು ಅಧಮಪ್ರಕೃತಿಗೆ ಬಿಟ್ಟಿದ್ದಾನೆ. ಈ ಚಿತ್ರದ ಸ್ಥಾನವು ಅಲ್ಲಿಯೇ ಎಂಬುದರಲ್ಲಿ ಸಂದೇಹವಿಲ್ಲ. ಟಿಪ್ಪುವಿನ ಸ್ವಭಾವದ ಲೇಶವೂ ಅದರಲ್ಲಿಲ್ಲ. ಸ್ವದೇಶದ ಸೇನಾಪತಿಯನ್ನು ಹೊಡೆಯಲು ಎರವಲು ತಂದ ದೊಣ್ಣೆ ಅವನು.

ಇನ್ನು ದರಿಯಾ ದೌಲತ್ತು. ಕೆಂಗೇರಿಯ ಹಾದಿಯಾಗಿ ಮೈಸೂರಿಗೆ ಹೋಗುವವರು ಶ್ರೀರಂಗಪಟ್ಟಣದಲ್ಲಿ ಇಳಿದು, 1784ರ ಈ ಅರಮನೆಯ ಪಡುವಣ ಗೋಡೆಯ ಎದುರು ಸಾವಧಾನವಾಗಿ ನಿಲ್ಲಬೇಕು. 1780ರ ಸೆಪ್ಟೆಂಬರಿನ ಪೊಳ್ಳಿಲೂರು ಯುದ್ಧ ಅಲ್ಲಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿಯು ಬಾಯಿಗೆ ಬೆರಳಿಟ್ಟು ಕುಳಿತಿದ್ದಾನೆ. ಅತ್ತ ಟಿಪ್ಪುವು ಗುಲಾಬಿಯನ್ನು ಮೂಸುತ್ತ, ಉದ್ಯಾನವಿಹಾರಕ್ಕೆ ಹೊರಟವನಂತೆ ಬರುತ್ತಿದ್ದಾನೆ. ಆ ಬೆರಳು, ಈ ಹೂವು: ಪರಿಹಾಸಕ್ಕೆ ಚಿತ್ರಗಾರರು ಮಾಡಿದ ವೆಚ್ಚ ಇಷ್ಟೇ. ಸ್ಮಿತವೆಂದರೆ ಇದು. ಆದರೆ ನಿಜಾಮನ ಪಡೆಯ ಬಳಿ ಹಸುವನ್ನೂ ಹಂದಿಯನ್ನೂ ಬರೆದು ಅವನನ್ನು ಹೀಯಾಳಿಸಿದ ಭಾಗದಲ್ಲಿ ಆ ಕೈಯೇ ಒರಟಾಗಿದೆ. ಗೋಡೆಗೆ ಮುಂದೆ ಹಲವು ಸಲ ಮರುಬಣ್ಣವಾದುದರಿಂದ ರೇಖೆಯ ನಯವನ್ನು ಕುರಿತು ತೀರ್ಪು ಸಲ್ಲದು. ಕಲ್ಪನೆಯ ವಿಷಯದಲ್ಲಿ ಸಲ್ಲುತ್ತದೆ.

ಕಲೆಯಲ್ಲಿ ಗೋಡೆಯೇ ಮೇಲು. ಧೈರ್ಯದಲ್ಲಿಯೂ ಹಾಗೆಯೇ ಎನ್ನುವ ಅಭಿಮಾನಿಗಳ ಮಾತು ಮಾತ್ರ ಒಪ್ಪತಕ್ಕದ್ದಲ್ಲ. ಒಡೆಯನ ಅರಮನೆಯಲ್ಲಿ ಒಡೆಯನ ಶತ್ರುವನ್ನು ಕಂಡು ನಗುವುದಕ್ಕೆ ಯಾವ ಎದೆಗಾರಿಕೆ ಬೇಕು? ಆ ಉದ್ದನೆಯ ಗೋಡೆಯಲ್ಲಿ ಟಿಪ್ಪುವನ್ನೋ ಹೈದರನನ್ನೋ ನೋಡಿ ನಗುವ ಒಂದು ಮುಖವೂ ಇಲ್ಲ. ಗಿಲ್‌ರೇಯಾದರೋ ಯುದ್ಧವು ನಡೆಯುತ್ತಿರುವಾಗಲೇ ತನ್ನ ದೇಶದ ಸೇನಾನಿಯನ್ನು ಬೀದಿಯ ಅಂಗಡಿಯಲ್ಲಿ ನಗೆಗೆ ಮಾರಿದನು. ಕೆಲವೇ ತಿಂಗಳುಗಳಲ್ಲಿ, 1792ರಲ್ಲಿ, ಅದೇ ಕಾರ್ನ್‌ವಾಲಿಸನು ಟಿಪ್ಪುವಿನ ಅರ್ಧರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದನು. ಆಮೇಲೆ ಇಂಗ್ಲೆಂಡಿನ ಚಿತ್ರಗಾರರು ಮುಗಿಬಿದ್ದು ಬರೆದುದು ಆ ಮಕ್ಕಳ ಕೈಹಿಡಿದು ಬರಮಾಡಿಕೊಳ್ಳುವ ಉದಾರ ಕಾರ್ನ್‌ವಾಲಿಸನನ್ನು.