ಯೂಜೀನನ ನೋಟ್‌ಬುಕ್ಕು

ಮೊನ್ನೆ ರಾತ್ರಿ ಮಗಳು ‘ಬಿಲಕ್ಸಿ ಬ್ಲೂಸ್’ ಹಾಕಿಕೊಟ್ಟಳು. ಮೈಕ್ ನಿಕೋಲ್ಸ್ ನಿರ್ದೇಶಿಸಿದ 1988ರ ಅಮೆರಿಕನ್ ಚಿತ್ರ. ನೀಲ್ ಸೈಮನ್ನನ ನಾಟಕ ಆಧರಿಸಿದ್ದು. “ನಗುವ ಸಿನಿಮಾ ಅಮ್ಮ, ಪ್ರೀತಿಗೀತಿಯೂ ಇದೆ” ಎಂದು ಹೇಳಿ ಅವಳು ಮಲಗಿಬಿಟ್ಟಳು. ನಕ್ಕಿದ್ದು ನಿಜ. ಆಮೇಲೆ ನಿದ್ದೆ ಬರಲಿಲ್ಲ.

1945ನೆಯ ಇಸವಿ. ನಮ್ಮಲ್ಲಿ ಸೈನ್ಯ ಸೇರುವುದು ಮನಸ್ಸಿದ್ದವರ ಮಾತು. ಅಲ್ಲಿ ಆಗ ಕರೆ ಬಂದರೆ ಹೋಗಲೇಬೇಕು. ಬ್ರೂಕ್ಲಿನ್ನಿನ ಯಹೂದಿ ಹುಡುಗ ಯೂಜೀನ್ ಹಾಗೆ ರೈಲು ಹತ್ತಿ, ಮಿಸಿಸಿಪಿಯ ಬಿಲಕ್ಸಿಯ ಬೇಗೆಗೆ ಬಂದು ಬೀಳುತ್ತಾನೆ. ಸಾಯಬಾರದು, ಲೇಖಕನಾಗಬೇಕು, ಹೆಣ್ಣಿನ ಸಂಗ ಕಾಣಬೇಕು – ಇಷ್ಟೇ ಅವನ ಆಸೆ. ಕವಾಯತು ಮಾಡಿಸುವ ಸಾರ್ಜೆಂಟ್ ಟೂಮಿಯಾಗಿ ಕ್ರಿಸ್ಟೋಫರ್ ವಾಕನ್. ಮೆತ್ತಗೆ ಮಾತಾಡಿಯೇ ಹೆದರಿಸುತ್ತಾನೆ.

ಹೆಣ್ಣುಗಳು ಇಬ್ಬರು. ದುಡ್ಡು ತೆಗೆದುಕೊಳ್ಳುವ ರೊವೀನಾ, ನೃತ್ಯಕೂಟದಲ್ಲಿ ಸಿಗುವ ಡೈಸಿ. ಡೈಸಿಯ ದೃಶ್ಯಗಳು ಮುದ್ದಾಗಿವೆ, ಒಪ್ಪುತ್ತೇನೆ. ಆದರೆ ಅವನ ರೈಲು ಹೊರಟ ಮೇಲೆ ಆ ಹುಡುಗಿ ಏನಾದಳು ಎಂದು ಚಿತ್ರಕ್ಕೆ ಕುತೂಹಲವೇ ಇಲ್ಲ. ಗಂಡು ಬರೆದ ನೆನಪು ತಾನೆ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರೇಮವಲ್ಲ, ಯೂಜೀನನ ನೋಟ್‌ಬುಕ್ಕು. ಜೊತೆಯವರ ಬಗ್ಗೆ ಅವನು ಅದರಲ್ಲಿ ಬರೆದದ್ದನ್ನು ಬ್ಯಾರಕ್ಕಿನಲ್ಲಿ ಗಟ್ಟಿಯಾಗಿ ಓದಿಬಿಡುತ್ತಾರೆ. ಗೆಳೆಯ ಎಪ್‌ಸ್ಟೀನ್ ಸಲಿಂಗಕಾಮಿ ಇರಬೇಕು ಎಂಬ ಗುಮಾನಿಯೂ ಅಲ್ಲಿದೆ. ಬರೀ ಗುಮಾನಿ. ಕಾಗದದ ಮೇಲೆ ಬಂತಲ್ಲ, ಎಲ್ಲರ ಪಾಲಿಗೆ ನಿಜವಾಯಿತು. ಆ ಕಾಲದ ಸೈನ್ಯದಲ್ಲಿ ಅದು ಜೈಲಿಗೆ ಹೋಗುವ ವಿಷಯ. ಮುಂದೆ ಹಿಡಿದೊಯ್ಯುವುದು ಹೆನೆಸಿ ಎಂಬ ಬೇರೆ ಹುಡುಗನನ್ನು.

ನಾನೂ ಪಿಯುಸಿಯಲ್ಲಿ ಡೈರಿ ಬರೆಯುತ್ತಿದ್ದೆ. ಒಂದು ಭಾನುವಾರ ತಮ್ಮ ಅದನ್ನು ಪಡಸಾಲೆಯಲ್ಲಿ ನಾಟಕದ ಧಾಟಿಯಲ್ಲಿ ಓದಿದ. ವರ್ಷಗಟ್ಟಲೆ ಅವನ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ನನ್ನ ಗುಟ್ಟು, ನನ್ನ ಮಾನ ಅಂತ! ಅದರಲ್ಲಿ ಇನ್ನೊಂದು ಸಾಲಿತ್ತು: ಚಿಕ್ಕಮ್ಮ ತವರಿಗೆ ಬೆಲ್ಲ, ಅಕ್ಕಿ ಸಾಗಿಸುತ್ತಾಳೇನೋ ಎಂದು. ನಾನು ಕಣ್ಣಾರೆ ಕಂಡದ್ದಲ್ಲ. ಅಂದು ಯಾರೂ ಏನೂ ಅನ್ನಲಿಲ್ಲ. ಆದರೆ ಮುಂದಿನ ಸಲ ತವರಿಗೆ ಹೊರಟಾಗ ಚಿಕ್ಕಮ್ಮ ತಾನಾಗಿಯೇ ಕೈಚೀಲ ಬಿಚ್ಚಿ, ಅಜ್ಜಿಯ ಮುಂದೆ ಒಂದೊಂದೇ ಸೀರೆ ತೆಗೆದಿಟ್ಟು ಮತ್ತೆ ಜೋಡಿಸಿಕೊಂಡಳು. ಆಮೇಲೆ ಪ್ರತಿ ಸಲವೂ ಹಾಗೇ.

ಸಿನಿಮಾದಲ್ಲಿ ಯೂಜೀನ್ ನಾಚಿಕೊಂಡು ಆ ಹಾಳೆ ಹರಿಯುತ್ತಾನೆ. ತಡೆಯುವವನು ಎಪ್‌ಸ್ಟೀನನೇ, ಅನಿಸಿದ್ದನ್ನು ಒಮ್ಮೆ ತಿದ್ದಲು ಹೊರಟರೆ ನೀನು ಲೇಖಕನಾಗಿ ಕೆಟ್ಟೆ ಎನ್ನುತ್ತಾನೆ. ಚಿತ್ರದ ಅತ್ಯುತ್ತಮ ಘಳಿಗೆ ಅದು. ಆದರೂ ಯೂಜೀನನ ದಂಡು ಯುದ್ಧ ನೋಡುವ ಮೊದಲೇ ಯುದ್ಧ ಮುಗಿಯುತ್ತದೆ, ಹುಡುಗರು ತಂತಮ್ಮ ದಾರಿ ಹಿಡಿಯುತ್ತಾರೆ.

ನನ್ನ ಡೈರಿಯನ್ನು ನಾನು ಹಂಡೆಯೊಲೆಗೆ ಹಾಕಿದೆ. ಎಪ್‌ಸ್ಟೀನ್ ಕೇಳಿದ್ದರೆ ಬೈಯುತ್ತಿದ್ದನೇನೋ. ಅವನಿಗೇನು, ಅವನು ದಿನಾ ಎರಡು ಹೊತ್ತು ಚಿಕ್ಕಮ್ಮ ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣಬೇಕಾಗಿರಲಿಲ್ಲ.