ನಲವತ್ತು ಅಂಶಗಳ ಅಳತೆಗೋಲು ಮತ್ತು ವಯಸ್ಕರ ಆಟಿಸಂ

"ಬೇರೆ ಯಾರಿಗೂ ಕೇಳಿಸದ ಶಬ್ದ ನಿಮಗೆ ಕೇಳಿಸುತ್ತದೆಯೇ?" ಮನೋವೈದ್ಯರು ಹೊಸ ರೋಗಿಗೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಎದುರಿಗೆ ಆಟಿಸಂ ಇರುವ ಮೂವತ್ತು ವರ್ಷದ ವ್ಯಕ್ತಿ ಕುಳಿತಿದ್ದಾನೆಂದು ಭಾವಿಸಿ. ಆತ ಮಾತನ್ನು ಇದ್ದಹಾಗೆಯೇ ಅರ್ಥ ಮಾಡಿಕೊಳ್ಳುವವನು. ಕೋಣೆಯ ಹಳೆಯ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತಿದೆ (ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್, ಚೋಕಿನ ಸದ್ದು ಅದರ ಇಮ್ಮಡಿ, 100 ಹರ್ಟ್ಸ್. ಏಕೆಂದು ತರಗತಿಯಲ್ಲಿ ಕೇಳಿ ನೋಡಿ). ವೈದ್ಯರು ಅದನ್ನು ಗಮನಿಸಿಯೇ ಇಲ್ಲ. ಅವನಿಗೆ ಅದು ಅಸಹನೀಯ. "ಹೌದು" ಎನ್ನುತ್ತಾನೆ. ಉತ್ತರ ಸತ್ಯವೇ. ಆದರೆ ಅದು ಭ್ರಮೆಯೆಂದು ದಾಖಲಾದರೆ ಬೇಡದ ಔಷಧಿ ಶುರುವಾಗುತ್ತದೆ, ಬೇಕಾದ ನೆರವು ದೂರವಾಗುತ್ತದೆ.

ಇದು ಸಣ್ಣ ವಿಷಯವಲ್ಲ. ಇಂಗ್ಲೆಂಡಿನಲ್ಲಿ ವಯಸ್ಕರಾದ ಮೇಲೆ ಆಸ್ಪರ್ಗರ್ ಲಕ್ಷಣಕೂಟ ಪತ್ತೆಯಾದ 374 ಮಂದಿಯ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಉತ್ತರಿಸಿದವರ ಪೈಕಿ ಶೇಕಡಾ 66 ಮಂದಿ ಆತ್ಮಹತ್ಯೆಯ ಯೋಚನೆ ಬಂದಿತ್ತೆಂದು ತಿಳಿಸಿದ್ದರು.

ನಮ್ಮ ದೇಶದಲ್ಲಿ ಆಟಿಸಂ ಅನ್ನು ಅಳೆಯಲು ಬಳಸುವ ಅಧಿಕೃತ ಸಾಧನ ಐಎಸ್‌ಎಎ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಇದನ್ನು 2009ರಲ್ಲಿ ರೂಪಿಸಿತು. ಪರದೇಶದ ಮಾಪಕಗಳನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಅದು ಮಾಡಿದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಇದರಲ್ಲಿ 40 ಅಂಶಗಳಿವೆ. ಪ್ರತಿಯೊಂದಕ್ಕೂ 'ಅಪರೂಪ' ಎಂದರೆ 1, 'ಯಾವಾಗಲೂ' ಎಂದರೆ 5 ಅಂಕ. ಮೊತ್ತ 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದು ತೀರ್ಮಾನ.

ಈಗ ನೀವೇ ಲೆಕ್ಕ ಹಾಕಿ. ಒಬ್ಬಳಿಗೆ ಏಳು ಅಂಶಗಳಲ್ಲಿ ತೊಂದರೆ ಸದಾ ಇದೆ, ಉಳಿದ 33ರಲ್ಲಿ ಅಪರೂಪ. ಮೊತ್ತ 35+33, ಅಂದರೆ 68. ಆಕೆಗೆ ಆಟಿಸಂ ಇಲ್ಲ! ಇನ್ನೊಬ್ಬನಿಗೆ 30 ಅಂಶಗಳಲ್ಲಿ ಆಗೊಮ್ಮೆ ಈಗೊಮ್ಮೆ ತೊಂದರೆ, ಹತ್ತರಲ್ಲಿ ಅಪರೂಪ. ಮೊತ್ತ 70, ಆತನಿಗೆ ಇದೆ. ಶ್ರೇಣಿಯನ್ನು ಸೂಚಿಸುವ ಅಂಕೆಗಳನ್ನು ಉದ್ದ, ತೂಕಗಳಂತೆ ಕೂಡಿದರೆ ಹೀಗಾಗುತ್ತದೆ. ಪಟ್ಟಿಯ ಕೊನೆಯಲ್ಲಿರುವ ಅಸಾಮಾನ್ಯ ನೆನಪಿನ ಶಕ್ತಿ ಮತ್ತು ವಿಶೇಷ ಪ್ರತಿಭೆಗಳೂ ಇದೇ ಮೊತ್ತಕ್ಕೆ ಸೇರುತ್ತವೆ. ನೆನಪು ಚೆನ್ನಾಗಿದ್ದಷ್ಟೂ ನ್ಯೂನತೆ ಹೆಚ್ಚು ಎಂಬ ಈ ಕೂಡಿಕೆ ನನಗೆ ಒಪ್ಪಿಗೆಯಿಲ್ಲ.

ವಯಸ್ಕರ ಮಟ್ಟಿಗೆ ಇನ್ನೂ ದೊಡ್ಡ ಕೊರತೆಯಿದೆ. ಒಂಟಿಯಾಗಿ ಆಡುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಇಂಥವು ಮಗುವಿನಲ್ಲಿ ಹೊರಗೆ ಕಾಣುವ ಲಕ್ಷಣಗಳು. ಎದುರಿನವರ ಹುಬ್ಬಿನ ನಡುವೆ ದೃಷ್ಟಿ ನೆಟ್ಟು, ನಗಬೇಕಾದ ಜಾಗಗಳನ್ನು ಬಾಯಿಪಾಠ ಮಾಡಿ ಇಪ್ಪತ್ತು ವರ್ಷ ಸಾಗಿಸಿದವಳಿಗೆ ಬೀಳುವ ಅಂಕ ಕಡಿಮೆ. ಸಂಜೆ ಮನೆಗೆ ಬಂದು ಬಾಗಿಲು ಹಾಕಿ ಕತ್ತಲಲ್ಲಿ ಕೂರುವ ಅವಳ ದಣಿವಿಗೆ ಅಂಕವೇ ಇಲ್ಲ. ಬಾಲ್ಯದ ವಿವರ ಹೇಳಬೇಕಾದ ತಂದೆತಾಯಿ ತೀರಿಕೊಂಡಿದ್ದರಂತೂ ಕಷ್ಟ ಇಮ್ಮಡಿ.

ಪತ್ತೆಯಾದರೂ ಕೆಲಸ ಮುಗಿಯದು, ಪ್ರಮಾಣಪತ್ರ ಚಿಕಿತ್ಸೆಯಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲಿ ವಯಸ್ಕರಿಗೆಂದೇ ಮಾರ್ಗಸೂಚಿ ಹೊರಡಿಸಿತು. ಆಟಿಸಂನ ಮೂಲ ಲಕ್ಷಣಗಳಿಗೆ ಮನೋವಿಕಾರದ ಔಷಧಿಗಳನ್ನು ಕೊಡಬಾರದು. ಖಿನ್ನತೆ, ಆತಂಕ ಜೊತೆಗಿದ್ದರೆ ಮಾತಿನ ಚಿಕಿತ್ಸೆಯನ್ನು ಹೊಂದಿಸಿಕೊಳ್ಳಬೇಕು: ಬರೆದು ತೋರಿಸಿ, ರೂಪಕ ಬಿಟ್ಟು ನೇರವಾಗಿ ಮಾತನಾಡಿ, ನಡುನಡುವೆ ಬಿಡುವು ಕೊಡಿ. ಇದಕ್ಕೆ ಯಾವ ಯಂತ್ರವೂ ಬೇಡ. ನಮ್ಮ ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾಡಬಹುದು. "ನಿಮಗೆ ಹೇಗನಿಸುತ್ತಿದೆ?" ಎಂದರೆ ಉತ್ತರ ತೋಚದೆ ಸುಮ್ಮನಾಗುವವರು ಇವರಲ್ಲಿ ಅನೇಕರು. "ನಿನ್ನೆ ಎಷ್ಟು ಗಂಟೆ ನಿದ್ದೆ ಬಂತು? ಊಟ ಎಷ್ಟು ಹೊತ್ತಿಗೆ?" ಎಂದು ಕೇಳಿದರೆ ಕರಾರುವಾಕ್ಕಾಗಿ ಹೇಳುತ್ತಾರೆ.

ಶಿಕ್ಷಕರೇ, ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಇಂಥ ಪರೀಕ್ಷೆಗೆ ಹೊರಟಿದ್ದರೆ, ಅವರು ಶಾಲೆಯಲ್ಲಿ ಹೇಗಿದ್ದರೆಂದು ನೆನಪಿದ್ದಷ್ಟನ್ನು ಒಂದು ಪುಟದಲ್ಲಿ ಬರೆದುಕೊಡಿ. ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಬಿಡುವಿನ ವೇಳೆಯಲ್ಲಿ ಎಲ್ಲಿರುತ್ತಿದ್ದರು ಎಂಬುದೂ ಇರಲಿ. ತನ್ನ ಕಾಯಿಲೆ ಏನು, ಔಷಧಿ ಏತಕ್ಕೆ ಎಂದು ತಿಳಿಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಕೊಟ್ಟಿದೆ. ಎದುರು ಕುಳಿತಾಗ ಬಾಯಿ ಕಟ್ಟುವವರು ಆ ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದೊಯ್ಯಬಹುದು.