ಇಟ್ಟಿಗೆಯ ಪ್ರಶ್ನೆಗೆ ಒಂದು ವ್ಯಾಖ್ಯಾನ

ಮೂಲ: ಇಟ್ಟಿಗೆಗೆ ಯಾವ ಯಾವ ಉಪಯೋಗಗಳುಂಟೋ, ಕೊಟ್ಟ ಹೊತ್ತಿನೊಳಗೆ, ತೋಚಿದಷ್ಟನ್ನೂ ಬರೆಯಿರಿ.

ಸೃಜನಶೀಲತೆಯನ್ನು, ಎಂದರೆ ಹೊಸತನ್ನು ಹುಟ್ಟಿಸುವ ಬುದ್ಧಿಯ ಬಗೆಯನ್ನು, ಅಳೆಯಲೆಂದು ಮನಶ್ಶಾಸ್ತ್ರಜ್ಞರು ಕೇಳುತ್ತ ಬಂದ ಪ್ರಶ್ನೆಗಳಲ್ಲಿ ಇದು ಬಹು ಪ್ರಸಿದ್ಧ. ಮೇಲಿನ ವಾಕ್ಯ ಅದರ ಸಾರ. ಈ ಬಗೆಯ ಪರೀಕ್ಷೆಗೆ ಶಾಸ್ತ್ರದ ನೆಲೆ ಕೊಟ್ಟವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೆ. ಪಿ. ಗಿಲ್ಫರ್ಡ್. ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿ 1950ರಲ್ಲಿ ಮಾಡಿದ ಭಾಷಣದಲ್ಲಿ ಅವರು ಒಂದು ಲೆಕ್ಕ ಮುಂದಿಟ್ಟರು: ಹಿಂದಿನ 23 ವರ್ಷಗಳ ಶಾಸ್ತ್ರಸೂಚಿಯಲ್ಲಿ ಸೇರಿದ್ದ ಸುಮಾರು 1,21,000 ಬರಹಗಳಲ್ಲಿ ಸೃಜನಶೀಲತೆಯನ್ನು ಕುರಿತವು 186 ಮಾತ್ರ. ಬುದ್ಧಿಯನ್ನು ಅಳೆಯಲು ಅರ್ಧ ಶತಮಾನ ದುಡಿದ ಶಾಸ್ತ್ರ ಅದರ ಈ ಮುಖವನ್ನು ಕಣ್ಣೆತ್ತಿ ನೋಡಿರಲಿಲ್ಲ ಎಂದು ತಾತ್ಪರ್ಯ.

‘ಇಟ್ಟಿಗೆಗೆ’ ಎಂದು ಪ್ರಶ್ನೆಯ ಆರಂಭ. ಸಮಸ್ತ ವಸ್ತುಗಳನ್ನು ಬಿಟ್ಟು ಇಟ್ಟಿಗೆಯೇ ಏಕೆ? ಅದನ್ನು ಅರಿಯದವರಿಲ್ಲ, ಅರಿಯಲು ಓದು ಬೇಕಿಲ್ಲ. ಆದುದರಿಂದ ಓದಿದವನಿಗೆ ಇಲ್ಲಿ ವಿಶೇಷ ಲಾಭವಿಲ್ಲ. ಇದು ಮೊದಲ ಕಾರಣ. ಎರಡನೆಯದು ಇನ್ನೂ ಸೂಕ್ಷ್ಮ. ಇಟ್ಟಿಗೆಯ ಹೆಸರೆತ್ತಿದೊಡನೆ ಗೋಡೆ ನೆನಪಾಗುತ್ತದೆ. ರೂಢಿಯ ಉಪಯೋಗವು ಉಳಿದವನ್ನು ಮರೆಮಾಡುವ ಈ ಗುಣಕ್ಕೆ ಜರ್ಮನಿಯ ಕಾರ್ಲ್ ಡುಂಕರ್ ಕಾರ್ಯಬದ್ಧತೆ ಎಂಬರ್ಥದ ಹೆಸರಿಟ್ಟರು. ಅವರ ಪ್ರಯೋಗ ಹೀಗೆ: ಮೇಣದಬತ್ತಿಯನ್ನು ಬಾಗಿಲಿನ ಮೇಲೆ ನಿಲ್ಲಿಸಬೇಕು. ಕೈಯಲ್ಲಿರುವುದು ಮೊಳೆಗಳು ಮತ್ತು ರಟ್ಟಿನ ಡಬ್ಬಿ. ಡಬ್ಬಿಯನ್ನೇ ಬಾಗಿಲಿಗೆ ಹೊಡೆದು ಅದರ ಮೇಲೆ ಬತ್ತಿಯನ್ನಿಡಬಹುದು. ಬರಿದಾದ ಡಬ್ಬಿಯನ್ನು ಕೊಟ್ಟಾಗ ಜನರಿಗೆ ಇದು ಸುಲಭವಾಗಿ ಹೊಳೆಯಿತು. ಮೊಳೆ ತುಂಬಿದ ಡಬ್ಬಿಯನ್ನು ಕೊಟ್ಟಾಗ ಹಲವರಿಗೆ ಹೊಳೆಯಲೇ ಇಲ್ಲ. ತುಂಬಿದ ಡಬ್ಬಿ ‘ತುಂಬುವ ವಸ್ತು’ವಾಗಿಯೇ ಉಳಿಯಿತು ಎಂದು ಭಾವ. ಇಟ್ಟಿಗೆಯ ಪ್ರಶ್ನೆಯೂ ಇದೇ ಕಟ್ಟನ್ನು ಬಿಚ್ಚಿ ನೋಡೆನ್ನುತ್ತದೆ. ತಂದೆತಾಯಿಯರ ಸೇವೆಯಲ್ಲಿದ್ದ ಪುಂಡಲೀಕ ಬಾಗಿಲಿಗೆ ಬಂದ ದೇವರ ಮುಂದೆ ಒಂದು ಇಟ್ಟಿಗೆಯನ್ನೆಸೆದು ಅದರ ಮೇಲೆ ನಿಂತಿರೆಂದ ಕಥೆಯನ್ನು ಬಲ್ಲ ಕನ್ನಡಿಗನಿಗೆ ಈ ಕಟ್ಟು ಸ್ವಲ್ಪ ಸಡಿಲವಾಗಿಯೇ ಇದ್ದೀತು.

‘ಯಾವ ಯಾವ ಉಪಯೋಗಗಳುಂಟೋ’ ಎಂಬಲ್ಲಿ ಉತ್ತರ ಒಂದೇ ಅಲ್ಲವೆಂಬುದು ಧ್ವನಿತ. ಬುದ್ಧಿಮಾಪನದ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಸರಿಯುತ್ತರದ ಕಡೆಗೆ ನಡೆಸುತ್ತವೆ. ಆ ನಡಿಗೆ ಏಕಮುಖ ಚಿಂತನೆ. ಒಂದೇ ಬಿಂದುವಿನಿಂದ ಹೊರಟು ಹಲವು ದಿಕ್ಕಿಗೆ ಹರಡುವುದು ಬಹುಮುಖ ಚಿಂತನೆ. ಈ ವಿಂಗಡಣೆ ಗಿಲ್ಫರ್ಡರದೇ. ಇಲ್ಲಿ ಪೂರ್ವಪಕ್ಷ: ಬುದ್ಧಿವಂತನು ಇದರಲ್ಲಿಯೂ ಮುಂದಿರುವನಲ್ಲವೇ, ಬೇರೆ ಅಳತೆ ಏಕೆ? ಸಮಾಧಾನ: ಕ್ಯುಂಗ್ ಹೀ ಕಿಮ್ 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬುದ್ಧ್ಯಂಕಕ್ಕೂ ಸೃಜನಶೀಲತೆಯ ಅಂಕಕ್ಕೂ ಕಂಡ ಸಹಸಂಬಂಧ 0.174. ಎರಡೂ ಜೊತೆಜೊತೆಗೇ ಏರಿಳಿದರೆ 1, ನಂಟೇ ಇಲ್ಲದಿದ್ದರೆ 0 ಎಂಬುದು ಈ ಅಳತೆಯ ಕ್ರಮ. ನಂಟುಂಟು, ಆದರೆ ಬಲು ತೆಳು.

‘ಕೊಟ್ಟ ಹೊತ್ತಿನೊಳಗೆ’ ಎಂಬ ಮಾತು ಕಣ್ಣಿಗೆ ಬೀಳದಷ್ಟು ಚಿಕ್ಕದು. ಪ್ರಶ್ನೆಯ ದುರ್ಬಲ ಜಾಗವೂ ಇದೇ. ಕ್ರಿಸ್ಟೆನ್ಸನ್, ಗಿಲ್ಫರ್ಡ್ ಮತ್ತು ವಿಲ್ಸನ್ 1957ರಲ್ಲಿಯೇ ಗಮನಿಸಿದಂತೆ, ಎಲ್ಲರಿಗೂ ತೋಚುವ ಉತ್ತರಗಳು ಮೊದಲು ಬರುತ್ತವೆ, ಅಪರೂಪದವು ಹೊತ್ತು ಕಳೆದಂತೆ ಬರುತ್ತವೆ. ರೂಢಿಯದೆಲ್ಲ ಮುಗಿದು ಮನಸ್ಸು ಬರಿದಾದಂತೆ ತೋರುವ ಗಳಿಗೆಯಿಂದ ಆಚೆಗೇ ಹೊಸತರ ಹುಟ್ಟು. ಮಿತಿ ಹಾಕಿದ ಗಡಿಯಾರ ಎಷ್ಟೋ ಬಾರಿ ಅಲ್ಲಿಯೇ ಗಂಟೆ ಹೊಡೆಯುತ್ತದೆ. ಇನ್ನೊಂದು ದೋಷವೂ ಉಂಟು: ಹೊತ್ತು ನೋಡುವ ಪರೀಕ್ಷಕನಿದ್ದಲ್ಲಿ ಮಗುವಿಗೆ ಅದು ಪರೀಕ್ಷೆಯೇ, ಪರೀಕ್ಷೆಯೆಂದರೆ ತಪ್ಪಿನ ಭಯ. ವಾಲಕ್ ಮತ್ತು ಕೋಗನ್ ಐದನೆಯ ತರಗತಿಯ 151 ಮಕ್ಕಳಿಗೆ ಇದೇ ಜಾತಿಯ ಪ್ರಶ್ನೆಗಳನ್ನು ಆಟದಂತೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕಾಲಮಿತಿಯಿಲ್ಲದೆ ಕೇಳಿದರು. 1965ರಲ್ಲಿ ಅವರು ಪ್ರಕಟಿಸಿದ ಫಲ ಇದು: ಸೃಜನಶೀಲತೆಯ ಅಳತೆಗಳು ತಮ್ಮತಮ್ಮೊಳಗೆ ಸುಮಾರು 0.4ರಷ್ಟು ಹೊಂದಿಕೊಂಡವು, ಬುದ್ಧಿಯ ಅಳತೆಗಳೊಡನೆ ಸುಮಾರು 0.1ರಷ್ಟೇ. ಗಡಿಯಾರವನ್ನು ಬದಿಗಿಟ್ಟಾಗ ಎರಡು ಶಕ್ತಿಗಳು ಬೇರೆಬೇರೆಯಾಗಿ ಕಂಡವು ಎಂದರ್ಥ. ಮಿತಿಯಿಲ್ಲದಿದ್ದರೆ ಸಾವಿರಾರು ಜನರನ್ನು ಪರೀಕ್ಷಿಸುವುದು ಕಷ್ಟವೆಂಬುದು ನಿಜ. ಆದರೆ ಅದು ಪರೀಕ್ಷಕನ ಅನುಕೂಲ. ಅದಕ್ಕಾಗಿ ಪರೀಕ್ಷಿತನ ಮನಸ್ಸನ್ನು ಮೊಟಕಾಗಿ ಅಳೆಯುವುದು ನ್ಯಾಯವಲ್ಲ.

‘ತೋಚಿದಷ್ಟನ್ನೂ’ ಎಂಬುದರಲ್ಲಿ ಎಣಿಕೆ ಅಡಗಿದೆ. ಎಷ್ಟು ಉತ್ತರಗಳೆಂಬುದು ನಿರರ್ಗಳತೆ. ಅವು ಎಷ್ಟು ಜಾತಿಯವೆಂಬುದು ನಮ್ಯತೆ. ಉಳಿದವರು ಬರೆಯದ್ದೆಷ್ಟೆಂಬುದು ಸ್ವಂತಿಕೆ. ಎಷ್ಟು ವಿವರ ತುಂಬಿದೆಯೆಂಬುದು ವಿಸ್ತರಣೆ. ಉದಾಹರಣೆಗೆ ಎರಡು ಹಾಳೆಗಳನ್ನು ಕಲ್ಪಿಸಿಕೊಳ್ಳಬಹುದು. ಒಂದರಲ್ಲಿ: ಮನೆ ಕಟ್ಟಲು, ಕಾಂಪೌಂಡು ಕಟ್ಟಲು, ಬಾವಿಕಟ್ಟೆ ಕಟ್ಟಲು, ತುಳಸಿಕಟ್ಟೆ ಕಟ್ಟಲು. ಇನ್ನೊಂದರಲ್ಲಿ: ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡವಿಡಲು, ಪುಡಿಮಾಡಿ ಪಾತ್ರೆ ತಿಕ್ಕಲು, ಬಿಸಿಮಾಡಿ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಶಾಖ ಕೊಡಲು. ಎಣಿಕೆಯಲ್ಲಿ ಮೊದಲನೆಯದು ಮುಂದು, ನಾಲ್ಕಕ್ಕೆ ಮೂರು. ಆದರೆ ಆ ನಾಲ್ಕೂ ಕಟ್ಟುವುದೆಂಬ ಒಂದೇ ಜಾತಿಗೆ ಸೇರಿದವು. ಎರಡನೆಯ ಹಾಳೆಯವನು ಒಮ್ಮೆ ಇಟ್ಟಿಗೆಯ ತೂಕವನ್ನು ಕಂಡ, ಒಮ್ಮೆ ಅದರ ತರಿಯನ್ನು, ಒಮ್ಮೆ ಶಾಖ ಹಿಡಿದಿಡುವ ಗುಣವನ್ನು. ವಸ್ತುವನ್ನು ಗುಣಗಳಾಗಿ ಬಿಡಿಸಿ ನೋಡಿದವನಿಗೆ ಗೋಡೆ ಅಡ್ಡಬರಲಿಲ್ಲ. ಅಳೆಯಬೇಕಾದದ್ದು ಈ ಬಿಡಿಸುವಿಕೆ. ಬರಿಯ ಸಂಖ್ಯೆಯನ್ನೇ ನೆಚ್ಚಿದ ಪರೀಕ್ಷಕನು ಮೊದಲನೆಯವನಿಗೇ ಹೆಚ್ಚು ಅಂಕ ಕೊಟ್ಟುಬಿಡುವನು.

ಕಡೆಯ ಪದ ‘ಬರೆಯಿರಿ’. ಯಾರಿಗೆ ಈ ಮಾತು ಎಂದು ಕೇಳಿದರೆ ವ್ಯಕ್ತಿತ್ವದ ವಿಚಾರ ಬರುತ್ತದೆ. ರಾಬರ್ಟ್ ಮೆಕ್ರೇ 1987ರಲ್ಲಿ ತೋರಿಸಿದಂತೆ, ವ್ಯಕ್ತಿತ್ವದ ಐದು ಮುಖ್ಯ ಗುಣಗಳಲ್ಲಿ ಬಹುಮುಖ ಚಿಂತನೆಯೊಡನೆ ಎದ್ದು ಕಾಣುವಂತೆ ಸೇರಿದ್ದು ಅನುಭವಮುಕ್ತತೆ, ಅಂದರೆ ಹೊಸ ಭಾವ, ಹೊಸ ವಿಚಾರಗಳಿಗೆ ಮನಸ್ಸಿನ ಬಾಗಿಲನ್ನು ತೆರೆದಿಡುವ ಸ್ವಭಾವ. ಬರೆದವನು ಬಾಳಿನಲ್ಲಿಯೂ ಸಾಧಿಸುವನೇ ಎಂಬುದು ಮುಂದಿನ ಪ್ರಶ್ನೆ. ಗಿಲ್ಫರ್ಡರು 1950ರಲ್ಲಿಯೇ ಎಚ್ಚರಿಸಿದ್ದರು: ಶಕ್ತಿಯಿದ್ದವನಿಂದ ಹೊಸ ಕೃತಿ ಹೊರಬರುವುದು ಅವನ ಪ್ರೇರಣೆ ಮತ್ತು ಮನೋಧರ್ಮವನ್ನು ಅವಲಂಬಿಸಿದೆ. ಈ ಮಾತಿಗೆ ಪ್ರಮಾಣವೂ ಸಿಕ್ಕಿದೆ. ಪಾಲ್ ಟಾರೆನ್ಸ್ 1950ರ ದಶಕದ ಕೊನೆಯಲ್ಲಿ ಮಿನೆಸೋಟದ ಶಾಲಾಮಕ್ಕಳಿಗೆ ಇಂಥ ಪರೀಕ್ಷೆಗಳನ್ನು ಕೊಟ್ಟಿದ್ದರು. ಅವರಲ್ಲಿ ಕೆಲವರನ್ನು ಐವತ್ತು ವರ್ಷಗಳ ಮೇಲೆ ಮತ್ತೆ ವಿಚಾರಿಸಿದ ಮಾರ್ಕ್ ರುಂಕೋ ಮತ್ತು ಸಂಗಡಿಗರು 2010ರಲ್ಲಿ ತಿಳಿಸಿದ್ದಿಷ್ಟು: ಲೋಕ ಗುರುತಿಸಿದ ಸಾಧನೆಗೂ ಬಾಲ್ಯದ ಅಂಕಗಳಿಗೂ ನಂಟು ಕಾಣಲಿಲ್ಲ, ಖಾಸಗಿ ಬದುಕಿನಲ್ಲಿ, ತಮ್ಮ ಸಂತೋಷಕ್ಕಾಗಿ ಮಾಡಿಕೊಂಡ ಹೊಸ ಕೆಲಸಗಳಿಗೂ ಆ ಅಂಕಗಳಿಗೂ ಮಧ್ಯಮ ಪ್ರಮಾಣದ ನಂಟಿತ್ತು.